ಪದ್ಯ ಮುಗಿಯುವ ತನಕ

ಮಕ್ಕಳ ಸಿಟ್ಟು, ಅಂಜಿಕೆ, ಅಳುಕುಗಳನ್ನು ಆಟ ಮತ್ತು ಅಭಿನಯದ ಮೂಲಕ ಹದಕ್ಕೆ ತರುವ ಶಾಲಾ ಚಟುವಟಿಕೆಗಳು ಹೊರಗಿನಿಂದ ಬಂದವು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಪುತ್ತೂರಿನಿಂದ ಪಾಣಾಜೆಗೆ ಹೋಗುವ ದಾರಿಯಲ್ಲಿ, ಕೇರಳದ ಗಡಿಗೆ ಹತ್ತಿರವಿರುವ ಬೆಟ್ಟಂಪಾಡಿಯಂಥ ಊರಿನ ಮಟ್ಟಿಗೆ ಅದು ಅರ್ಧ ಸತ್ಯ. ಈ ಸೀಮೆಯ ತಾಳಮದ್ದಳೆಯನ್ನೇ ನೋಡಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾನೆ. ಎದುರಿನವ ಎಷ್ಟೇ ಕೆಣಕಲಿ, ಪದ್ಯ ಮುಗಿಯುವ ತನಕ ಬಾಯಿ ತೆರೆಯುವಂತಿಲ್ಲ. ತೆರೆದ ಮೇಲೂ ಮಾತು ಪದ್ಯದ ಭಾವವನ್ನು ದಾಟುವಂತಿಲ್ಲ. ಇವತ್ತು ಕರ್ಣನ ಅವಮಾನವನ್ನು ತನ್ನದೆಂದು ಆಡಿದವನೇ ಇನ್ನೊಂದು ದಿನ ಕೃಷ್ಣನ ಪರ ವಾದಿಸುತ್ತಾನೆ. ಕೋಪವನ್ನು ಅದುಮಿಡದೆ, ಹರಿಯಬಿಡದೆ, ಮಾತಿಗೆ ಇಳಿಸುವ ಅಭ್ಯಾಸಕ್ಕೆ ಇದಕ್ಕಿಂತ ಬಿಗಿಯಾದ ಚೌಕಟ್ಟು ನನಗೆ ಕಾಣುವುದಿಲ್ಲ.

ತಾಳಮದ್ದಳೆ ದೊಡ್ಡವರ ಕೂಟ, ಅದರಲ್ಲೂ ಬಹುಕಾಲ ಗಂಡಸರ ಕೂಟ. ಅದನ್ನು ಮಕ್ಕಳ ಮನಸ್ಸಿನ ಆರೈಕೆಗೆ ಜೋಡಿಸುವುದು ಹಳೆಯದನ್ನು ಸುಮ್ಮನೆ ಹೊಗಳಿದಂತೆ ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪ ನ್ಯಾಯವಾದದ್ದೇ. ಸಾಹಿತಿ ಶಿವರಾಮ ಕಾರಂತರು ಮುಖ್ಯರಾಗುವುದು ಇಲ್ಲಿಯೇ. 1930ರ ದಶಕದಲ್ಲಿ ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಅವರು ಹಾಡು, ಕುಣಿತ, ನಾಟಕಗಳನ್ನು ಮಕ್ಕಳ ಕಲಿಕೆಯ ನಡುವಿಗೇ ತಂದರು. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಬಂದದ್ದೂ ಅದೇ ಕಾಲದಲ್ಲಿ, 1936ರಲ್ಲಿ. ಆದರೆ ಬಾಲವನದ ದಾರಿ ಸುತ್ತಲಿನ ಶಾಲೆಗಳ ರೂಢಿಯಾಗಲಿಲ್ಲ. ಶಾಲೆಗಳು ಕಲೆಯನ್ನು ಒಳಗೆ ಬಿಟ್ಟುಕೊಂಡದ್ದು ಬಹುಮಟ್ಟಿಗೆ ವಾರ್ಷಿಕೋತ್ಸವ ಮತ್ತು ಸ್ಪರ್ಧೆಯ ರೂಪದಲ್ಲಿ. ಶಿಕ್ಷಣ ಇಲಾಖೆಯ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯಿಂದ ಎಷ್ಟೋ ಹಳ್ಳಿಮಕ್ಕಳಿಗೆ ವೇದಿಕೆ ಸಿಕ್ಕಿದೆ, ನಿಜ. ಆದರೆ ತೀರ್ಪುಗಾರರು ಎದುರಿಗೆ ಕುಳಿತೊಡನೆ ಚೆನ್ನಾಗಿ ಮಾಡಬಲ್ಲ ಮಗು ಮುಂದೆ ಬರುತ್ತದೆ, ತೊದಲುವ ಮಗು ಹಿಂದೆ ಉಳಿಯುತ್ತದೆ. ಅಭಿನಯ ಹೆಚ್ಚು ಬೇಕಾಗಿದ್ದದ್ದು ಆ ಎರಡನೆಯ ಮಗುವಿಗೆ.

ಆ ಮಗುವನ್ನೂ ಒಳಗೊಳ್ಳುವ ದಾರಿ ಬೇರೆ ಕಡೆಯಿಂದ ತೆರೆಯಿತು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲಗಳನ್ನು ಗುರುತಿಸಿತು. ಭಾವನೆಗಳನ್ನೂ ಒತ್ತಡವನ್ನೂ ನಿಭಾಯಿಸುವುದೂ ಅವುಗಳಲ್ಲಿ ಸೇರಿತ್ತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅವುಗಳನ್ನು ಪ್ರೌಢಶಾಲೆಗೆ ಹೊಂದಿಸಿ, ಗುಂಪು ಚರ್ಚೆ, ಪಾತ್ರಾಭಿನಯದಂಥ ಚಟುವಟಿಕೆಗಳನ್ನು ಶಿಕ್ಷಕರೇ ನಡೆಸುವಂತೆ ರೂಪಿಸಿತು. ಇಲ್ಲಿ ಅಂಕವಿಲ್ಲ, ಆಯ್ಕೆಯಿಲ್ಲ, ಇಡೀ ತರಗತಿಯೇ ಪಾತ್ರಧಾರಿ. ಬಾಲವನ ಬಿಟ್ಟ ಎಳೆಯನ್ನು ಇದು ತಿಳಿದೋ ತಿಳಿಯದೆಯೋ ಎತ್ತಿಕೊಂಡಿತು ಎಂಬುದು ನನ್ನ ವಾದ. 2010ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಈ ಕಾರ್ಯಕ್ರಮದ 605 ವಿದ್ಯಾರ್ಥಿಗಳನ್ನು ಹೊರಗಿನ 423 ಮಂದಿಯೊಂದಿಗೆ ಹೋಲಿಸಲಾಯಿತು. ಆತ್ಮಗೌರವ, ನಿಭಾಯಿಸಬಲ್ಲೆನೆಂಬ ಧೈರ್ಯ, ಶಿಕ್ಷಕರೊಂದಿಗಿನ ಹೊಂದಾಣಿಕೆ ಮೊದಲಿನವರಲ್ಲಿ ಹೆಚ್ಚಿದ್ದವು. ಮಾನಸಿಕ ತೊಂದರೆಗಳಲ್ಲಾಗಲಿ, ಮನೆಯಲ್ಲಿ ಮತ್ತು ಓರಗೆಯವರೊಂದಿಗೆ ಹೊಂದಿಕೊಳ್ಳುವುದರಲ್ಲಾಗಲಿ ಅಂತರ ಕಾಣಲಿಲ್ಲ.

ಹಾಗಾದರೆ ಇಷ್ಟೆಲ್ಲ ಏಕೆ ಎನ್ನುವವರು ಈ ಫಲಿತಾಂಶವನ್ನೇ ಎತ್ತಿ ತೋರಿಸಬಹುದು. ನನಗೆ ಅದು ಪ್ರಾಮಾಣಿಕವಾದ ಗಡಿರೇಖೆಯಾಗಿ ಕಾಣುತ್ತದೆ. ಖಿನ್ನತೆಗೆ ಬಿದ್ದ ಮಗುವಿಗೆ ವೈದ್ಯರೇ ಬೇಕು. ನಾಟಕದ ತಾಸು ಅದಕ್ಕೆ ಬದಲಿಯಲ್ಲ. ಮನೆಯ ಕುಡಿತವನ್ನೋ ಜಗಳವನ್ನೋ ಶಾಲೆ ನಿಲ್ಲಿಸಲಾರದು. ಆದರೆ ಪರೀಕ್ಷೆಯ ಭಯ, ಗೆಳೆಯನೊಂದಿಗಿನ ಮುನಿಸು, ಎಲ್ಲರೆದುರು ಬೈಸಿಕೊಂಡ ಅವಮಾನ ಎಲ್ಲ ಮಕ್ಕಳಿಗೂ ಬರುವಂಥವು, ಶಾಲೆಯಲ್ಲೇ ಹುಟ್ಟುವಂಥವು. ಬೆಟ್ಟಂಪಾಡಿಯ ಶಾಲೆಗಳಿಗೆ ದಿನವೂ ಬರುವವರು ಮನೋವೈದ್ಯರಲ್ಲ, ಶಿಕ್ಷಕರು. ಬಹುಮಾನವಿಲ್ಲದ ಒಂದು ತಾಸನ್ನು ವೇಳಾಪಟ್ಟಿಯಲ್ಲಿ ಕಾಯ್ದಿರಿಸಿ, ಅದನ್ನು ನಡೆಸುವ ತರಬೇತಿಯನ್ನು ಅವರಿಗೆ ಕೊಡುವುದು ಶಿಕ್ಷಣ ಇಲಾಖೆಯ ಕೈಮೀರಿದ ಕೆಲಸವೇನಲ್ಲ.