ಬಾದಾಮಿಯ ಮರಳುಗಲ್ಲಿನ ಪದರಗಳು: ಫೋಟೊ ತೆಗೆಯುವವರಿಗೆ ಮಾಹಿತಿ

ಅಮೆರಿಕದ ಅರಿಜೋನ ಮರುಭೂಮಿಯ ಕೆಂಪು, ಅಲೆಅಲೆಯಾದ ಬಂಡೆಗಳ ಚಿತ್ರ ನೋಡಿದವರು ಅಂಥದ್ದು ನಮ್ಮ ಕಡೆ ಇದೆಯೇ ಎಂದು ಕೇಳುವುದುಂಟು. ತಾಳವಾಡಿ ಬೆಟ್ಟಗಳಲ್ಲಿ ಇಲ್ಲ. ನಮ್ಮಲ್ಲಿರುವುದು ನೈಸ್, ಚಾರ್ನೊಕೈಟ್ ಜಾತಿಯ ಗಟ್ಟಿ ಕಲ್ಲು. ಅದರ ಪಟ್ಟೆಗಳು ನೆಲದಾಳದ ಬಿಸಿ ಮತ್ತು ಒತ್ತಡದಿಂದ ಆದವು. ಮರಳು ಪದರಪದರವಾಗಿ ಕೂತು ಕಲ್ಲಾದದ್ದನ್ನು ನೋಡಲು ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ಹೋಗಬೇಕು.

ಕಲ್ಲಿನ ಗುರುತು

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಈ ಸೀಮೆಯ ಶಿಲೆಗಳನ್ನು ವಿವರಿಸಿ ಬರೆದರು. ಬಾದಾಮಿಯ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿವೆ. ಒಂದೊಂದು ಪದರದ ಒಳಗೆ ಓರೆ ಗೆರೆಗಳೂ ಕಾಣುತ್ತವೆ. ಅರಿಜೋನದಲ್ಲಿ ಇಂಥ ಗೆರೆ ಗಾಳಿ ಒಟ್ಟಿದ ಮರಳುದಿಬ್ಬಗಳಿಂದ ಆದದ್ದು. ಬಾದಾಮಿಯಲ್ಲಿ ಹೆಚ್ಚಾಗಿ ಹರಿಯುವ ನೀರಿನಿಂದ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು.

ಎಲ್ಲಿ, ಯಾವಾಗ

ನವೆಂಬರ್‌ನಿಂದ ಫೆಬ್ರವರಿ ಅನುಕೂಲ. ಪದರ ಎದ್ದು ಕಾಣಬೇಕಾದರೆ ಬಿಸಿಲು ಬಂಡೆಯನ್ನು ಪಕ್ಕದಿಂದ ಸವರಬೇಕು. ನಡುಹಗಲಿನ ಬೆಳಕಿನಲ್ಲಿ ಗೆರೆಗಳು ಚಪ್ಪಟೆಯಾಗುತ್ತವೆ.

– ಉತ್ತರದ ಕೋಟೆಬೆಟ್ಟ: ದಕ್ಷಿಣಕ್ಕೆ ಮುಖಮಾಡಿದ ಈ ಬಂಡೆಗಳಿಗೆ ಚಳಿಗಾಲದಲ್ಲಿ ಒಳ್ಳೆಯ ಬಿಸಿಲು. ಗುಹೆಗಳ ಅಂಗಳದಿಂದ ಅಗಸ್ತ್ಯತೀರ್ಥದ ಆಚೆಗೆ ಇಡೀ ಬೆಟ್ಟ ಸಿಗುತ್ತದೆ.
– ಗುಹಾಲಯಗಳು: ಉತ್ತರಮುಖವಾದ್ದರಿಂದ ನೆರಳು ಹೆಚ್ಚು. ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಕಂಬಗಳ ಮೇಲೂ ಪದರದ ಗೆರೆ ಹಾದುಹೋಗುವುದನ್ನು ಗಮನಿಸಿ.
– ಭೂತನಾಥ ಗುಡಿ: ಕೆರೆಯ ಪೂರ್ವ ತುದಿ. ಸಂಜೆ ಬಿಸಿಲಿಗೆ ಗುಡಿಯೂ ಹಿಂದಿನ ಬಂಡೆಯೂ ಕೆಂಪೇರುತ್ತವೆ.
– ತಟ್ಟುಕೋಟಿ ಬಂಡೆ: ಸುಮಾರು 700ರ ಕಪ್ಪೆ ಅರಭಟ್ಟನ ಶಾಸನ ಇಲ್ಲಿದೆ, ಕನ್ನಡ ತ್ರಿಪದಿಯ ಬಹು ಹಳೆಯ ಮಾದರಿ ಇದರಲ್ಲಿದೆ.

ಕ್ಯಾಮೆರಾ, ಮೊಬೈಲ್

ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಡಿ. ಆಟೊದಲ್ಲಿ ಕೆಂಪು ಮಾಸಬಹುದು. ಮೊಬೈಲಿನಲ್ಲಿ ಬಂಡೆಯ ಹೊಳೆಯುವ ಭಾಗವನ್ನು ಮುಟ್ಟಿ ಬೆಳಕು ತುಸು ಇಳಿಸಿ. ಇಡೀ ಬಂಡೆಯ ಚಿತ್ರದಲ್ಲಿ ಒಬ್ಬರು ನಿಂತಿರಲಿ, ಹತ್ತಿರದ ಚಿತ್ರದಲ್ಲಿ ಒಂದು ನಾಣ್ಯವಿರಲಿ. ಆಗ ಅಳತೆ ತಿಳಿಯುತ್ತದೆ. ಗುಹೆಯೊಳಗೆ ಫ್ಲ್ಯಾಷ್ ಬೇಡ. ಟ್ರೈಪಾಡ್, ಡ್ರೋನ್ ಬಳಸುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಕೋತಿಗಳಿವೆ, ತಿಂಡಿಯ ಚೀಲ ಕೈಯಲ್ಲಿ ಹಿಡಿಯಬೇಡಿ. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ.

ಮರೆಯಬಾರದ ಮಾತು

ಮರಳುಗಲ್ಲು ಮೆತ್ತಗಿನದು. ನೀರು ಪದರಗಳ ಸಂದಿನಲ್ಲಿ ಇಳಿದು ಮೇಲ್ಮೈ ಹಕ್ಕಳೆಯಾಗಿ ಏಳುತ್ತದೆ. ಅಕ್ಷರ ಕಾಣಲೆಂದು ಶಾಸನಕ್ಕೆ ಸೀಮೆಸುಣ್ಣ, ಎಣ್ಣೆ ಬಳಿಯುವುದು, ಪಕ್ಕದಲ್ಲಿ ಹೆಸರು ಕೆತ್ತುವುದು ಮಳೆಗಿಂತ ಬೇಗ ಅದನ್ನು ಕೆಡಿಸುತ್ತದೆ. ಓರೆ ಬಿಸಿಲಿಗೆ ಕಾದರೆ ಅಕ್ಷರ ತಾನೇ ಕಾಣುತ್ತದೆ.

ಸರ್ಕಾರದ ಛಾಯಾಗ್ರಾಹಕರಾಗಿದ್ದ ಥಾಮಸ್ ಬಿಗ್ಸ್ 1855ರಲ್ಲಿ ಬಾದಾಮಿಯ ಚಿತ್ರಗಳನ್ನು ತೆಗೆದರು. ಅಂದಿನಿಂದ ಏನು ಉಳಿದಿದೆ, ಏನು ಸವೆದಿದೆ ಎಂದು ನೋಡಲು ಇಂಥ ಹಳೆಯ ಚಿತ್ರಗಳೇ ಆಧಾರ. ಆದ್ದರಿಂದ ಸದಸ್ಯರು ಚಿತ್ರದ ಜೊತೆ ಸ್ಥಳ, ದಿನಾಂಕ, ಹೊತ್ತು, ನಿಂತ ದಿಕ್ಕು ಬರೆದಿಡಬೇಕೆಂದು ಕೋರುತ್ತೇವೆ. ಮೂಲ ಫೈಲನ್ನು ತಿದ್ದದೆ ಉಳಿಸಿಕೊಳ್ಳಿ.