ಸುಮಾರು

ಒಮಾನಿನ ದುಕ್ಮ್‌ನಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳಿದರೆ ಕನ್ನಡಿಗರ ಉತ್ತರ ‘ಸುಮಾರು’ ಎಂದೇ ಶುರುವಾದೀತು. ಈ ಪದದ ಮೂಲ ಪಾರಸಿಯ ‘ಶುಮಾರ್’, ಅರ್ಥ ಎಣಿಕೆ. ಹಳೆಯ ಮೈಸೂರಿನವರು ಜನಗಣತಿಯನ್ನು ಕರೆಯುತ್ತಿದ್ದ ‘ಖಾನೇಷುಮಾರಿ’ಯಲ್ಲೂ ಅದೇ ಪದವಿದೆ: ಖಾನೆ ಎಂದರೆ ಮನೆ, ಖಾನೇಷುಮಾರಿ ಎಂದರೆ ಮನೆಯೆಣಿಕೆ. ಎಣಿಕೆ ನಮ್ಮ ಬಾಯಲ್ಲಿ ಅಂದಾಜಾಯಿತು. ‘ಹುಡುಗ ಓದಿನಲ್ಲಿ ಸುಮಾರು’ ಎಂದಾಗ ಅದು ಸಾಧಾರಣ ಮಟ್ಟವೂ ಆಗುತ್ತದೆ. ಎಣಿಕೆ, ಅಂದಾಜು, ಸರಾಸರಿಗೆ ಹತ್ತಿರದ ಭಾವ, ಸಂಖ್ಯಾಶಾಸ್ತ್ರದ ಈ ಮೂರೂ ಒಂದೇ ಪದದಲ್ಲಿ ಕೂಡಿರುವುದು ನನಗೆ ಬಹಳ ಇಷ್ಟ.

ದುಕ್ಮ್‌ನ ಅರಬ್ಬಿ ಮಾತಿನಲ್ಲಿ ಅಂಕಿಅಂಶಕ್ಕೆ ‘ಇಹ್ಸಾ’ ಎನ್ನುತ್ತಾರೆ. ಅದನ್ನು ‘ಹಸಾ’, ಅಂದರೆ ಬೆಣಚುಕಲ್ಲಿಗೆ ಜೋಡಿಸುವುದುಂಟು. ಕಲ್ಲಿಟ್ಟು ಎಣಿಸುತ್ತಿದ್ದ ಕಾಲದ ನೆನಪದು.

ಒಮಾನ್ 2020ರ ಜನಗಣತಿಯನ್ನು ಮನೆಮನೆಗೆ ಹೋಗದೆ ಸರ್ಕಾರಿ ದಾಖಲೆಗಳಿಂದಲೇ ಮಾಡಿತು. ಖಾನೆಯಿಲ್ಲದ ಷುಮಾರಿ! ಬೇರೆ ಕೆಲಸಕ್ಕೆಂದು ಬರೆದಿಟ್ಟ ಇಂಥ ಮಾಹಿತಿಗೆ ದ್ವಿತೀಯಕ ದತ್ತಾಂಶವೆಂದು ಹೆಸರು. ಅದರಿಂದ ಖರ್ಚು ಕಡಿಮೆ, ಕೆಲಸ ಬೇಗ. ಆದರೆ 2011ರಲ್ಲಿ ವಿಶೇಷ ಆರ್ಥಿಕ ವಲಯವಾದ ದುಕ್ಮ್‌ನಂಥಲ್ಲಿ ಕಾರ್ಮಿಕರು ಬರುತ್ತಾರೆ, ಹೋಗುತ್ತಾರೆ. ಒಬ್ಬ ಕಾರ್ಮಿಕನ ದಾಖಲೆಯ ವಿಳಾಸ ಮಸ್ಕತ್ತಿನದು, ಮಲಗುವ ಮಂಚ ದುಕ್ಮ್‌ನದು ಎಂದಾದರೆ ಅವನನ್ನು ಎಲ್ಲಿಯವನೆಂದು ಬರೆಯಬೇಕು? ‘ನಿವಾಸಿ’ ಯಾರೆಂದು ಮೊದಲೇ ಗೊತ್ತುಮಾಡದೆ ಎಣಿಸಲು ಕೂರುವಂತಿಲ್ಲ.