‘ಆ್ಯನ್’ ಎಂಬ ಪುಟ್ಟ ಪದದ ಪೂರ್ವಕಥೆ

ಸ್ವರ ಪರವಾದರೆ ‘ಎ’ಗೆ ನಕಾರ ಸೇರಿಸಿ ‘ಆ್ಯನ್’ ಮಾಡಬೇಕೆಂದು ಸೇವಾವಧಿಯುದ್ದಕ್ಕೂ ಬೋಧಿಸಿದವನು ನಾನು. “ಆ ನಕಾರ ಎಲ್ಲಿಂದ ಬಂತು ಸಾರ್?” ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದಾಗ, “ನಿಯಮ ಕಣೋ, ಬಾಯಿಪಾಠ ಮಾಡು” ಎಂದು ಗದರಿ ಕೂರಿಸಿದ್ದೆ. ನಿವೃತ್ತಿಯ ಬಿಡುವಿನಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಓದುವಾಗ ತಿಳಿಯಿತು: ಅದು ಎಲ್ಲಿಂದಲೂ ಬಂದದ್ದಲ್ಲ, ಮೊದಲಿನಿಂದ ಇದ್ದದ್ದೇ!

1066ರ ನಾರ್ಮನ್ ವಿಜಯಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಎಂದರೆ ‘ಒಂದು’. ಇಂದಿನ ‘ಒನ್’, ‘ಆ್ಯನ್’, ‘ಎ’ ಮೂರೂ ಅದರ ಸಂತಾನ. ಒತ್ತಿಲ್ಲದೆ ಉಚ್ಚರಿಸುತ್ತ ಬಂದಂತೆ, ವ್ಯಂಜನ ಪರವಾದಲ್ಲಿ ನಕಾರ ಸವೆದುಹೋಯಿತು. ಸವೆತ ಬಲು ನಿಧಾನ; 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಇನ್ನೂ ‘ಆ್ಯನ್ ಹಂಡ್ರೆಡ್’ ಎಂದೇ ಇದೆ.

ಈ ನಕಾರ ಯಾರ ಸ್ವತ್ತೆಂದು ಜನರ ಕಿವಿಯೂ ತಬ್ಬಿಬ್ಬಾಯಿತು. ‘ಎ ನೇಪ್ರನ್’ ಎಂಬುದು ‘ಆ್ಯನ್ ಏಪ್ರನ್’ ಆಯಿತು. ನಮ್ಮ ಕ್ರಿಕೆಟ್ಟಿನ ಅಂಪೈರನೂ ಹೀಗೆಯೇ ತಲೆಯ ನಕಾರವನ್ನು ಕಳೆದುಕೊಂಡವನು. ಅತ್ತ ‘ಆ್ಯನ್ ಈಕ್‌ನೇಮ್’, ಅಂದರೆ ಹೆಚ್ಚುವರಿ ಹೆಸರು, ‘ಎ ನಿಕ್‌ನೇಮ್’ ಆಗಿ ಪುಕ್ಕಟೆ ನಕಾರವೊಂದನ್ನು ಗಳಿಸಿತು.

ಆ ಹುಡುಗನಿಗೂ ತರಗತಿಯಲ್ಲೊಂದು ಅಡ್ಡಹೆಸರಿತ್ತು, ಅದಷ್ಟೇ ನೆನಪಿದೆ. ನಿಜನಾಮ ನೆನಪಿದ್ದಿದ್ದರೆ ಹುಡುಕಿಕೊಂಡು ಹೋಗಿ ಉತ್ತರ ಹೇಳಿಬರುತ್ತಿದ್ದೆ.